ದಬ್ಬಾಳಿಕೆಯನ್ನು ಕೆಡವಿದವರು

ನೀವು ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಹಂಪಸಾಗರದ ಕಡೆಗೆ ಬಂದು ತುಂಗಭದ್ರೆಯ ದಂಡೆಯ ಮೇಲೆ ಒಂದು ಗಳಿಗೆ ನಿಂತಿರೆನ್ನಿ. ಹೊಳೆ ಹರಿಯುವ ದಿಕ್ಕಿನಲ್ಲಿ ಕೆಳಗೆ, ಅಣೆಕಟ್ಟನ್ನು ದಾಟಿದರೆ, ಹಂಪೆ. ನೀರಿನ ಆಚೆಗೆ ಕೊಪ್ಪಳದ ಸೀಮೆ. ೧೯೪೮ರ ವರೆಗೆ ಅದು ನಿಜಾಮರ ರಾಜ್ಯ, ಈಚೆಯ ದಂಡೆ ಮದರಾಸು ಪ್ರಾಂತದ ಬಳ್ಳಾರಿ ಜಿಲ್ಲೆ. ನಾಲ್ಕು ನೂರು ವರ್ಷಗಳ ಅಂತರದಲ್ಲಿ ಇದೇ ನೀರಿನ ಅಂಚಿನಲ್ಲಿ ಎರಡು ಸಲ ಜನರು ಒಂದು ದಬ್ಬಾಳಿಕೆ ಬಿದ್ದುದನ್ನು ಕಂಡು ನಿಟ್ಟುಸಿರು ಬಿಟ್ಟರು. ಬಿದ್ದ ಮೇಲೆ ಏನಾಯಿತು ಎಂಬುದನ್ನು ನಿಮ್ಮೊಡನೆ ಸ್ವಲ್ಪ ವಿಚಾರ ಮಾಡಬೇಕೆಂದು ಈ ಲೇಖನ.

ರಾಮರಾಜ್ಯ ಬಂದರೂ ರಾಗಿ ಬೀಸುವುದು ತಪ್ಪಲಿಲ್ಲ ಎಂಬ ಗಾದೆ ನಿಮಗೆ ಗೊತ್ತೇ ಇದೆ. ರಾಗಿ ಬೀಸುವವರು ಮೈಸೂರು ಕಡೆಯವರು. ನಮ್ಮದು ಜೋಳದ ನಾಡು. ಆದರೆ ಬೀಸುವ ಕಲ್ಲು ಎರಡೂ ಕಡೆ ಒಂದೇ. ಕ್ರಾಂತಿಗಳ ವಿಷಯದಲ್ಲಿ ಓದುಬರಹ ಬಲ್ಲವರು ಆಡುವ ಮಾತು ಕೂಡ ಈ ಗಾದೆಯ ದೊಡ್ಡ ರೂಪವೇ. ಪೀಡಕನನ್ನು ಉರುಳಿಸಿದವನು ತಾನೇ ಪೀಡಕನಾಗುತ್ತಾನೆ. ಇಂಗ್ಲೆಂಡಿನಲ್ಲಿ ೧೬೪೯ರಲ್ಲಿ ದೊರೆಯ ತಲೆ ತೆಗೆದವರು ನಾಲ್ಕೇ ವರ್ಷಗಳಲ್ಲಿ ಕ್ರಾಮ್‌ವೆಲ್ಲನನ್ನು ದೊರೆಗಿಂತ ದೊರೆಯಾಗಿ ಮಾಡಿಕೊಂಡರು. ಫ್ರಾನ್ಸಿನಲ್ಲಿ ೧೭೮೯ರಲ್ಲಿ ಆರಂಭವಾದದ್ದು ೧೮೦೪ರಲ್ಲಿ ನೆಪೋಲಿಯನ್ನನ ಕಿರೀಟದಲ್ಲಿ ಮುಗಿಯಿತು. ಆದುದರಿಂದ ಇದು ಪ್ರಕೃತಿಯ ನಿಯಮ, ಎನ್ನುತ್ತಾರೆ. ನಿಯಮವೆಂದರೆ ಮಾವಿನ ಬೀಜದಿಂದ ಮಾವೇ ಹುಟ್ಟುವಂಥದು. ಇದು ಅಂಥ ನಿಯಮವೆ? ದೂರದ ದೇಶಗಳ ಕಥೆ ಅಲ್ಲಿರಲಿ. ನಮ್ಮ ಹೊಳೆಯ ದಂಡೆಯ ಕಥೆಯನ್ನೇ ನೋಡೋಣ.

ವಿಜಯನಗರದ ವಿಷಯದಲ್ಲಿ ನಮಗೆ ಕೃಷ್ಣದೇವರಾಯನ ವೈಭವ ಬಾಯಿಪಾಠವಾಗಿರುವಷ್ಟು ಅಲ್ಲಿಯ ಸಿಂಹಾಸನ ಕೈಬದಲಾದ ಬಗೆ ನೆನಪಿರುವುದಿಲ್ಲ. ನೂನಿಜ್ ಎಂಬ ಪೋರ್ಚುಗೀಸ್ ಕುದುರೆ ವ್ಯಾಪಾರಿ ೧೫೩೫ರ ಸುಮಾರಿನಲ್ಲಿ ಹಂಪೆಯಲ್ಲಿದ್ದು, ಕೇಳಿ ತಿಳಿದದ್ದನ್ನೆಲ್ಲ ಬರೆದಿಟ್ಟ. ಅವನ ಪ್ರಕಾರ ಸಂಗಮ ವಂಶದ ವಿರೂಪಾಕ್ಷರಾಯ ಕುಡಿತ ಮತ್ತು ಅಂತಃಪುರಗಳ ಹೊರತು ಬೇರೇನನ್ನೂ ನೋಡದವನು. ಗೋವೆಯಂಥ ರೇವುಗಳು ಅವನ ಕಾಲದಲ್ಲಿ ಕೈಬಿಟ್ಟುವು. ಹಿರಿಯ ಮಗನೇ ಅವನನ್ನು ಕೊಂದ. ತಂದೆಯನ್ನು ಕೊಂದ ಕೈಗೆ ರಾಜ್ಯ ಸಲ್ಲದೆಂದು ತಮ್ಮನನ್ನು ಪಟ್ಟಕ್ಕೆ ಕೂಡಿಸಿದ. ಆ ತಮ್ಮ ಮಾಡಿದ ಮೊದಲ ಕೆಲಸಗಳಲ್ಲಿ ಒಂದು, ಅಣ್ಣನನ್ನು ಕೊಲ್ಲಿಸಿದ್ದು. ಆಮೇಲೆ ಅವನೂ ತಂದೆಯ ದಾರಿಯನ್ನೇ ಹಿಡಿದ. ೧೪೮೫ರಲ್ಲಿ ಸಾಳುವ ನರಸಿಂಹನ ದಳಪತಿ ಪಟ್ಟಣಕ್ಕೆ ನುಗ್ಗಿದಾಗ ಹೆಬ್ಬಾಗಿಲಲ್ಲಿ ಕಾವಲಿರಲಿಲ್ಲವಂತೆ, ಅರಮನೆಯ ಬಾಗಿಲಲ್ಲೂ ಇರಲಿಲ್ಲವಂತೆ. ರಾಯ ಇನ್ನೊಂದು ಕಡೆಯಿಂದ ಓಡಿಹೋದ. ಒಂದು ರಾಜವಂಶ, ಹಿತ್ತಲ ಬಾಗಿಲಿನಿಂದ ಬೆಕ್ಕು ಜಾರಿದಂತೆ, ಇತಿಹಾಸದಿಂದ ಜಾರಿತು.

ಸಾಳುವ ನರಸಿಂಹ ಸಮರ್ಥ. ರಾಜ್ಯ ಉಳಿಯಿತು. ಆದರೆ ಅವನು ಸಾಯುವಾಗ ಮಕ್ಕಳು ಚಿಕ್ಕವರು. ಅವರನ್ನೂ ರಾಜ್ಯವನ್ನೂ ತುಳುವ ನರಸನಾಯಕನ ಕೈಗೆ ಒಪ್ಪಿಸಿದ. ಹಿರಿಯ ಮಗನ ಕೊಲೆಯಾಯಿತು. ಕಿರಿಯವನಾದ ಇಮ್ಮಡಿ ನರಸಿಂಹ ಹೆಸರಿಗೆ ರಾಯನಾಗಿ ಪೆನುಕೊಂಡೆಯ ಕೋಟೆಯಲ್ಲಿ, ಇಪ್ಪತ್ತು ಸಾವಿರ ಜನರ ಕಾವಲಿನಲ್ಲಿ, ಸುರಕ್ಷಿತವಾಗಿದ್ದ ಎಂದು ನೂನಿಜ್ ಬರೆಯುತ್ತಾನೆ. ಎಷ್ಟು ಸುರಕ್ಷಿತವೆಂದರೆ ೧೫೦೫ರಲ್ಲಿ ಅವನೂ ಕೊಲೆಯಾದ. ನರಸನಾಯಕನ ಮಗ ವೀರನರಸಿಂಹ ರಾಯನಾದ. ಅವನ ತಮ್ಮನೇ ೧೫೦೯ರಲ್ಲಿ ಪಟ್ಟಕ್ಕೆ ಬಂದ ಕೃಷ್ಣದೇವರಾಯ.

ಇಲ್ಲಿ ನೀವು ನನ್ನನ್ನು ತಡೆದು ಕೇಳಬಹುದು: ಬಲಾತ್ಕಾರದಿಂದ ಬಂದ ವಂಶದಲ್ಲಿಯೇ ಕೃಷ್ಣದೇವರಾಯ ಹುಟ್ಟಲಿಲ್ಲವೆ, ಅಲ್ಲಿಗೆ ನಿಯಮ ಮುರಿಯಿತಲ್ಲವೆ? ಮುರಿಯಿತು, ನಿಜ. ಕೆಟ್ಟ ಬಾಗಿಲಿನಿಂದ ಒಳ್ಳೆಯವರೂ ಬರುವುದುಂಟು. ಆದರೆ ಕೃಷ್ಣದೇವರಾಯ ಆ ಬಾಗಿಲನ್ನು ಮುಚ್ಚಲಿಲ್ಲ. ತನ್ನ ಸೋದರರನ್ನು ಚಂದ್ರಗಿರಿಯ ಕೋಟೆಯಲ್ಲಿ ಸೆರೆಯಿಟ್ಟ. ೧೫೨೪ರಲ್ಲಿ ಆರು ವರ್ಷದ ಮಗನಿಗೆ ಪಟ್ಟ ಕಟ್ಟಿದ. ಮಗು ವರ್ಷ ತುಂಬುವುದರೊಳಗೆ ತೀರಿಕೊಂಡಿತು. ವಿಷಪ್ರಯೋಗದ ಸಂಶಯ ಮಂತ್ರಿ ತಿಮ್ಮರಸನ ಮನೆಯ ಮೇಲೆ ಬಿತ್ತು. ರಾಯನ ರಾಜ್ಯವನ್ನು ಕಟ್ಟಿದವರಲ್ಲಿ ಮೊದಲಿಗನಾದ, ರಾಯ ತಂದೆಯೆಂದು ಗೌರವಿಸುತ್ತಿದ್ದ ಆ ಮುದುಕನನ್ನು ಸೆರೆಗೆ ಹಾಕಿ ಕಡೆಗೆ ಕಣ್ಣು ಕೀಳಿಸಿದರೆಂದು ನೂನಿಜ್ ಹೇಳುತ್ತಾನೆ. ತಿಮ್ಮರಸ ತಪ್ಪಿತಸ್ಥನೋ ಅಲ್ಲವೋ, ವಿಚಾರಿಸುವುದಕ್ಕೆ ರಾಯನ ಸಿಟ್ಟಿನ ಹೊರತು ಬೇರೊಂದು ಕಟ್ಟೆ ಇರಲಿಲ್ಲ. ಅತ್ಯುತ್ತಮ ದೊರೆಯ ಕಾಲದಲ್ಲಿಯೂ ಇರಲಿಲ್ಲ ಎಂಬುದನ್ನು ಗಮನಿಸಬೇಕು.

ಈಗ ಮುಖ್ಯ ಕಥೆಗೆ ಬರುತ್ತೇನೆ. ೧೫೪೨ರಲ್ಲಿ ಅಚ್ಯುತರಾಯ ತೀರಿಕೊಂಡ. ಮಗ ವೆಂಕಟ ಬಾಲಕ. ಸೋದರಮಾವನಾದ ಸಲಕರಾಜು ತಿರುಮಲ ಆಡಳಿತವನ್ನು ಹಿಡಿದ. ಹಿಡಿದವನು ಅಳಿಯನನ್ನೇ ಕೊಂದು, ರಾಜವಂಶದಲ್ಲಿ ಕೈಗೆ ಸಿಕ್ಕವರನ್ನೆಲ್ಲ ಮುಗಿಸಿ, ತಾನೇ ಸಿಂಹಾಸನದ ಮೇಲೆ ಕುಳಿತ. ಬಿಜಾಪುರದ ದರ್ಬಾರಿನಲ್ಲಿದ್ದ ಇತಿಹಾಸಕಾರ ಫಿರಿಶ್ತಾ ಇವನನ್ನು ಹುಚ್ಚನೆಂದೇ ಕರೆಯುತ್ತಾನೆ. ಅವನ ಕೊನೆಯ ದಿನಗಳ ವರ್ಣನೆ ಒಮ್ಮೆ ಓದಿದವರಿಗೆ ಮರೆಯುವಂಥದಲ್ಲ. ಶತ್ರುಗಳು ಹತ್ತಿರವಾದರೆಂದು ತಿಳಿದಾಗ ಅರಮನೆಯ ಆನೆಕುದುರೆಗಳ ಕಣ್ಣು ಕೀಳಿಸಿ ಬಾಲ ಕತ್ತರಿಸಿದನಂತೆ. ತಲೆತಲಾಂತರದಿಂದ ಕೂಡಿಬಂದ ರತ್ನಗಳನ್ನು ರಾಶಿ ಹಾಕಿ, ಬೀಸುವ ಕಲ್ಲುಗಳ ನಡುವೆ ಹುಡಿ ಮಾಡಿಸಿ ನೆಲಕ್ಕೆ ಚೆಲ್ಲಿಸಿದನಂತೆ. ಬಳಿಕ ಕಂಬಕ್ಕೆ ಕತ್ತಿಯನ್ನು ನಾಟಿಸಿ ತಾನೇ ಅದರ ಮೇಲೆ ಬಿದ್ದನಂತೆ. ಬಿಜಾಪುರದವನು ವಿಜಯನಗರದವನ ವಿಷಯ ಬರೆಯುವಾಗ ಒಂದಕ್ಕೆ ಎರಡು ಸೇರಿದ್ದರೆ ಆಶ್ಚರ್ಯವಿಲ್ಲ. ತುಂಗಭದ್ರೆಯ ದಂಡೆಯಲ್ಲಿ ನಡೆದ ಕಾಳಗದಲ್ಲಿ ಅವನು ಹತನಾದನೆಂದು ಇನ್ನೊಂದು ಕಥೆ. ಹೇಗೇ ಸತ್ತಿರಲಿ, ಅತ್ತವರು ಇದ್ದಂತೆ ಕಾಣುವುದಿಲ್ಲ.

ಅವನನ್ನು ಕೆಡವಿದವನು ಕೃಷ್ಣದೇವರಾಯನ ಅಳಿಯ ರಾಮರಾಯ. ಜೊತೆಗೆ ತಮ್ಮಂದಿರಾದ ತಿರುಮಲ ಮತ್ತು ವೆಂಕಟಾದ್ರಿ. ರಾಮರಾಯ ತನಗಾಗಿ ಕತ್ತಿ ಹಿಡಿದೆನೆಂದು ಹೇಳಲಿಲ್ಲ. ಗುತ್ತಿಯ ಕೋಟೆಯಲ್ಲಿದ್ದ ಅಚ್ಯುತರಾಯನ ಸೋದರನ ಮಗ ಸದಾಶಿವನನ್ನು ಹೊರತಂದು ಇವನೇ ನಿಜವಾದ ರಾಯನೆಂದು ಸಾರಿದ. ಧರ್ಮಕ್ಕೆ ಧರ್ಮ, ಕತ್ತಿಗೆ ಕತ್ತಿ. ೧೫೪೩ರ ವೇಳೆಗೆ ಸದಾಶಿವರಾಯ ಹಂಪೆಯ ಸಿಂಹಾಸನದ ಮೇಲಿದ್ದ. ಅಂದು ಪಟ್ಟಣದ ಬೀದಿಯಲ್ಲಿ ನಿಂತಿದ್ದರೆ ನೀವೂ ನಾನೂ ಜಯಕಾರ ಮಾಡುತ್ತಿದ್ದೆವು; ಅದರಲ್ಲಿ ನನಗೆ ಸಂಶಯವಿಲ್ಲ.

ಆಮೇಲೆ ಆದದ್ದು ಒಂದೇ ದಿನದಲ್ಲಿ ಆಗಲಿಲ್ಲ. ಮುಖ್ಯ ಅಧಿಕಾರಗಳು ಒಂದೊಂದಾಗಿ ಹಳಬರ ಕೈಯಿಂದ ಅಣ್ಣತಮ್ಮಂದಿರ, ಬಂಧುಗಳ ಕೈಗೆ ಬಂದುವು. ಶಾಸನಗಳೆಲ್ಲ ಸದಾಶಿವರಾಯನ ಹೆಸರಿನಲ್ಲಿಯೇ ಕೆತ್ತಲ್ಪಡುತ್ತಿದ್ದುವು. ಆದರೆ ರಾಯ ಎಲ್ಲಿ? ೧೫೬೭ರಲ್ಲಿ ಹಾಳುಬಿದ್ದ ಹಂಪೆಗೆ ಬಂದು ಏಳು ತಿಂಗಳು ಇದ್ದ ಸೀಸರ್ ಫ್ರೆಡರಿಕ್ ಎಂಬ ವೆನಿಸ್ಸಿನ ವರ್ತಕ ಉತ್ತರ ಕೊಡುತ್ತಾನೆ. ಮೂವರು ಸೋದರರೂ ಪೀಡಕರು, ನಿಜವಾದ ರಾಯನನ್ನು ಸೆರೆಯಲ್ಲಿಟ್ಟು ವರ್ಷಕ್ಕೊಮ್ಮೆ ಜನರಿಗೆ ತೋರಿಸುತ್ತಿದ್ದರು ಎಂದು ಅವನು ಬರೆದಿದ್ದಾನೆ. ಹಿರಿಯನಿಗೆ ಸಿಂಹಾಸನ, ನಡುವಿನವನಿಗೆ ಆಡಳಿತ, ಕಿರಿಯನಿಗೆ ಸೈನ್ಯ. ವರ್ಷಕ್ಕೊಮ್ಮೆ ತೇರಿನ ದಿನ ಉತ್ಸವಮೂರ್ತಿಯನ್ನು ಹೊರತಂದು ಮತ್ತೆ ಒಳಗಿಟ್ಟು ಬೀಗ ಹಾಕುವಂತೆ ಜೀವವಿದ್ದ ಮನುಷ್ಯನನ್ನು ತಂದು ತೋರಿಸಿ ಒಳಗಿಟ್ಟರು. ಸಲಕರಾಜು ರಾಯನನ್ನು ಕೊಂದ. ರಾಮರಾಯ ರಾಯನನ್ನು ಉಳಿಸಿ ರಾಯತನವನ್ನು ಕೊಂದ.

ರಾಮರಾಯನಿಗೆ ಅನ್ಯಾಯ ಮಾಡುವುದು ಬೇಡ. ಅವನು ಹುಚ್ಚನಲ್ಲ, ದುರ್ಬಲನೂ ಅಲ್ಲ. ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ರಾಜ್ಯವನ್ನು ಬಿಗಿಯಾಗಿ ಹಿಡಿದಿದ್ದ. ಅವನ ಕಾಲದ ಒಂದು ಸಂಗತಿ ನನಗೆ ಬಹಳ ಪ್ರಿಯವಾದುದು. ಬಾದಾಮಿಯ ಕೊಂಡೋಜನೆಂಬ ಕ್ಷೌರಿಕನೂ ಅವನ ಕಡೆಯವರೂ ರಾಮರಾಯನ ಕ್ಷೌರ ಮಾಡಿ ಅವನನ್ನು ಮೆಚ್ಚಿಸಿದರಂತೆ. ಸಂತೋಷಗೊಂಡ ರಾಮರಾಯ ನಾಡಿನ ಕ್ಷೌರಿಕರಿಗೆಲ್ಲ ತೆರಿಗೆಯನ್ನೂ ಬಿಟ್ಟಿ ದುಡಿಮೆಯನ್ನೂ ಮನ್ನಾ ಮಾಡಿದ. ೧೫೪೫ರ ಸುಮಾರಿನಿಂದ ಇದನ್ನು ಸಾರುವ ಶಾಸನಗಳು ಬಾದಾಮಿಯಲ್ಲಿಯೂ ಇತರ ಕಡೆಗಳಲ್ಲಿಯೂ ಸಿಕ್ಕಿವೆ. ಎಷ್ಟು ಮನೆಗಳಲ್ಲಿ ಅಂದು ದೀಪ ಹಚ್ಚಿದರೋ! ದೊರೆಗಳ ದಾನಧರ್ಮ ಕೆತ್ತಿದ ಸಾವಿರ ಕಲ್ಲುಗಳ ನಡುವೆ ದುಡಿಯುವ ಒಂದು ಕುಲದ ಹೊರೆ ಇಳಿದುದನ್ನು ಹೇಳುವ ಈ ಕಲ್ಲುಗಳನ್ನು ಕಂಡರೆ ಕೈಮುಗಿಯಬೇಕೆನಿಸುತ್ತದೆ. ಆದರೂ ಸ್ವಲ್ಪ ಯೋಚಿಸಿ ನೋಡಿ. ತೆರಿಗೆ ಹೋದದ್ದು ಅದು ಅನ್ಯಾಯವೆಂದಲ್ಲ. ಒಬ್ಬನ ಗಲ್ಲದ ಮೇಲೆ ಕತ್ತಿ ಹಿತವಾಗಿ ಆಡಿತೆಂದು. ಅಂದು ಕತ್ತಿ ತುಸು ಜಾರಿದ್ದರೆ? ಹಾಗೂ ಕುಂಬಾರನ, ಅಗಸನ, ನೇಕಾರನ ತೆರಿಗೆ? ಅವರು ರಾಮರಾಯನನ್ನು ಮೆಚ್ಚಿಸುವ ಬಗೆ ಯಾವುದು? ಒಬ್ಬನ ಮೆಚ್ಚುಗೆಯಿಂದ ಬಂದ ಸುಖವನ್ನು ಇನ್ನೊಬ್ಬನ ಮುನಿಸು ಕಿತ್ತುಕೊಂಡರೆ ತಡೆಯುವವರು ಯಾರೂ ಇಲ್ಲದ ಆಳಿಕೆಗೆ ಏನು ಹೆಸರು ಕೊಡುತ್ತೀರಿ? ಪೀಡಕನು ಸದಾ ಪೀಡಿಸುತ್ತಲೇ ಇರಬೇಕೆಂದೇನೂ ಇಲ್ಲವಷ್ಟೆ.

೧೫೬೫ರ ಜನವರಿ ೨೩ರಂದು ರಕ್ಕಸಗಿ ತಂಗಡಗಿಯ ಬಯಲಿನಲ್ಲಿ ರಾಮರಾಯ ಹತನಾದ ಕಥೆ ನಿಮಗೆ ತಿಳಿದದ್ದೇ. ಸೋಲಿನ ಕಾರಣಗಳ ಚರ್ಚೆ ಇಲ್ಲಿ ಬೇಡ. ನಮಗೆ ಬೇಕಾದದ್ದು ಅದರ ಮುಂದಿನ ಎರಡು ಮೂರು ವರ್ಷ. ತಿರುಮಲ ನೂರಾರು ಆನೆಗಳ ಮೇಲೆ ಬೊಕ್ಕಸವನ್ನು ಹೇರಿಕೊಂಡು ಪೆನುಕೊಂಡೆಗೆ ಹೊರಟ. ಬೊಕ್ಕಸದಂತೆಯೇ ಸದಾಶಿವನನ್ನೂ ಒಯ್ದರು. ಇಮ್ಮಡಿ ನರಸಿಂಹ ಸತ್ತ ಅದೇ ಪೆನುಕೊಂಡೆ! ಸೆರೆಯಲ್ಲಿದ್ದ ನಿಜವಾದ ರಾಯನನ್ನು ತಿರುಮಲನ ಮಗ ಕೊಲ್ಲಿಸಿದನೆಂದೂ, ಅದರಿಂದ ಸರದಾರರು ಅವನನ್ನು ರಾಯನೆಂದು ಒಪ್ಪಲಿಲ್ಲವೆಂದೂ ಫ್ರೆಡರಿಕ್ ಬರೆಯುತ್ತಾನೆ. ೧೫೭೦ರ ಹೊತ್ತಿಗೆ ತಿರುಮಲ ತಾನೇ ಕಿರೀಟ ಧರಿಸಿದ. ಒಪ್ಪದವರು ತಮ್ಮ ತಮ್ಮ ಕೋಟೆಗಳಲ್ಲಿ ತಾವೇ ರಾಯರಾದರು. ಹರಪನಹಳ್ಳಿ, ಜರಿಮಲೆ, ಗುಡೇಕೋಟೆಗಳ ಪಾಳೆಯಗಾರಿಕೆಗಳ ಕಾಲ ನಮ್ಮ ಸೀಮೆಗೆ ಬಂದುದು ಹೀಗೆ. ೧೮೦೦ರಲ್ಲಿ ಕಂಪನಿಯ ಕಲೆಕ್ಟರನಾಗಿ ಬಂದ ಮನ್ರೋ ಪಾಳೆಯಗಾರರಿಂದ ರೈತರನ್ನು ಬಿಡಿಸಲು ಬಂದವನೆಂದೇ ಹೇಳಿಕೊಂಡ. ಬಿಡಿಸಿದ್ದೂ ನಿಜ. ಬಿಡಿಸಿದ ಕಂಪನಿಯನ್ನೂ ಅದರ ಉತ್ತರಾಧಿಕಾರಿಗಳನ್ನೂ ಕಳಿಸಲು ೧೪೭ ವರ್ಷ ಹಿಡಿಯಿತೆಂಬುದೂ ನಿಜ.

ಇಷ್ಟನ್ನು ಕೇಳಿ, ನಿಯಮ ಸಿದ್ಧವಾಯಿತಲ್ಲ ಎಂದು ನೀವು ಅನ್ನಬಹುದು. ನನಗೆ ಹಾಗೆ ತೋರುವುದಿಲ್ಲ. ೧೪೮೫, ೧೫೦೫, ೧೫೪೩, ಈ ಮೂರು ಸಲವೂ ಬದಲಾದದ್ದು ಬೀಸುವ ಕಲ್ಲಿನ ಗೂಟ ಹಿಡಿದ ಕೈ. ಕಲ್ಲು ಬದಲಾಗಲಿಲ್ಲ. ಕೆಟ್ಟ ರಾಯನನ್ನು ಇಳಿಸುವ ಉಪಾಯವಾಗಿ ಆ ರಾಜ್ಯದಲ್ಲಿ ಕತ್ತಿಯೊಂದೇ ಇತ್ತು. ಆದಕಾರಣ ಒಳ್ಳೆಯ ರಾಯನೂ ಕತ್ತಿಯ ಕಾವಲಿನಲ್ಲಿಯೇ ಇರಬೇಕಾಯಿತು, ಸೋದರರನ್ನು ಸೆರೆಯಿಡಬೇಕಾಯಿತು, ಮಂತ್ರಿಯನ್ನು ಶಂಕಿಸಬೇಕಾಯಿತು. ರಾಮರಾಯ ಒಂದು ದಿನ ಸದಾಶಿವನಿಗೆ ಮುದ್ರೆಯುಂಗುರವನ್ನು ಒಪ್ಪಿಸಿ ಮನೆಗೆ ಹೋಗಿದ್ದರೆ ಮರುದಿನ ಅವನ ತಲೆ ಉಳಿಯುತ್ತಿತ್ತೆ? ಉಳಿಯುತ್ತಿತ್ತೆಂದು ಯಾರೂ ಭರವಸೆ ಕೊಡಲಾರರು. ಗೆದ್ದವನಿಗೆ ಬಿಟ್ಟುಕೊಡುವ ಮನಸ್ಸಿದ್ದರೆ ಸಾಲದು. ಬಿಟ್ಟುಕೊಟ್ಟವನು ಬದುಕಿ ಉಳಿಯುವ ಏರ್ಪಾಡು ಬೇಕು. ೧೭೮೩ರ ಡಿಸೆಂಬರಿನಲ್ಲಿ ಅಮೆರಿಕದ ವಾಷಿಂಗ್ಟನ್ ಗೆದ್ದ ಸೈನ್ಯದ ಅಧಿಕಾರಪತ್ರವನ್ನು ಕಾಂಗ್ರೆಸ್ಸಿಗೆ ಹಿಂದಿರುಗಿಸಿ ಹೊಲಕ್ಕೆ ಹೋದನೆಂದು ಲೋಕವೆಲ್ಲ ಹೊಗಳುತ್ತದೆ. ಹೊಗಳತಕ್ಕದ್ದೇ. ಆದರೆ ಹಿಂದಿರುಗಿಸುವುದಕ್ಕೆ ಅಲ್ಲಿ ಒಂದು ಸಭೆ ಇತ್ತು, ಕೂತು ಕಾಯುತ್ತಿತ್ತು. ಆ ಸಭೆ ಬಿಳಿಯರದು, ಅದು ಗುಲಾಮರನ್ನು ಬಿಡಿಸಲಿಲ್ಲ, ಎಂಬುದನ್ನೂ ಮರೆಯುವುದು ಬೇಡ.

ಇನ್ನು ಹೊಳೆಯ ಆಚೆ ದಂಡೆಗೆ ಹೋಗೋಣ. ೧೯೪೭ರ ಆಗಸ್ಟಿನಲ್ಲಿ ಈಚೆಯ ಊರುಗಳಲ್ಲಿ ಬಾವುಟ ಏರಿತು; ಆಚೆ ಏರಿಸಿದವರಿಗೆ ಸೆರೆಮನೆ. ಸ್ವಾಮಿ ರಾಮಾನಂದ ತೀರ್ಥರ ನೇತೃತ್ವದ ಸಂಸ್ಥಾನ ಕಾಂಗ್ರೆಸ್ಸು ಹೋರಾಟಕ್ಕೆ ಇಳಿದಿತ್ತು. ಕಾಸಿಂ ರಜ್ವಿಯ ರಜಾಕಾರರು ಹಳ್ಳಿಗಳ ಮೇಲೆ ಬೀಳುತ್ತಿದ್ದರು. ಗಡಿಯ ಈಚೆ ಶಿಬಿರಗಳು ಎದ್ದುವು: ಮುಂಡರಗಿಯಲ್ಲಿ ಅಳವಂಡಿ ಶಿವಮೂರ್ತಿಸ್ವಾಮಿಗಳದು, ಗಜೇಂದ್ರಗಡದಲ್ಲಿ ಪುಂಡಲೀಕಪ್ಪ ಜ್ಞಾನಮೋಠೆಯವರದು. ಅಲ್ಲಿಯ ತರುಣರು ಆಯುಧ ಹಿಡಿದು ಗಡಿಯ ನಾಕಾಗಳ ಮೇಲೆ, ಠಾಣೆಗಳ ಮೇಲೆ ನುಗ್ಗಿದರು. ೧೯೪೮ರ ಸೆಪ್ಟೆಂಬರ್ ೧೩ರಂದು ಭಾರತದ ಸೈನ್ಯ ಒಳನಡೆಯಿತು. ಐದು ದಿನಗಳಲ್ಲಿ ಕಾರ್ಯ ಮುಗಿಯಿತು. ಅದೇ ತಿಂಗಳು ನಿಜಾಮರು ರೇಡಿಯೋದಲ್ಲಿ ಮಾತನಾಡಿ, ಆ ಕೂಟದವರು ತಮ್ಮನ್ನು ಅಸಹಾಯಕರನ್ನಾಗಿ ಮಾಡಿಬಿಟ್ಟಿದ್ದರೆಂದು ಹೇಳಿಕೊಂಡರು. ನಂಬುವವರು ನಂಬಲಿ. ತನ್ನ ರಕ್ಷಕರ ಕೈಯಲ್ಲಿ ತಾನೇ ಸೆರೆಯಾದೆನೆನ್ನುವ ದೊರೆಯ ಮಾತು ನಮ್ಮ ಹೊಳೆಗೆ ಹೊಸದಲ್ಲ.

ಇಲ್ಲಿಯ ವರೆಗಿನ ಕಥೆಯನ್ನು ನಾವು ಹೆಮ್ಮೆಯಿಂದ ಹೇಳುತ್ತೇವೆ, ಹೇಳಬೇಕು. ಇದರ ಮುಂದಿನ ಪುಟವನ್ನು ಸಾಮಾನ್ಯವಾಗಿ ತಿರುವಿಹಾಕುತ್ತೇವೆ. ರಜಾಕಾರರು ಬಿದ್ದ ಬಳಿಕ ಅವರ ಪಾಪಕ್ಕೆ ಪಾಲುದಾರರಲ್ಲದ ಸಾಮಾನ್ಯ ಮುಸಲ್ಮಾನರ ಮೇಲೆ ಸೇಡು ಇಳಿಯಿತು. ನೆಹರೂ ಅವರು ಪಂಡಿತ ಸುಂದರಲಾಲ್ ಮತ್ತು ಕಾಜಿ ಅಬ್ದುಲ್ ಗಫಾರ್ ಮೊದಲಾದವರನ್ನು ಕಳಿಸಿ ವಿಚಾರಿಸಿದರು. ಆ ಸಮಿತಿಯ ಅಂದಾಜಿನಲ್ಲಿ ಸತ್ತವರು ೨೭,೦೦೦ದಿಂದ ೪೦,೦೦೦. ಉಸ್ಮಾನಾಬಾದು, ಗುಲಬರ್ಗಾ, ಬೀದರ, ನಾಂದೇಡ ಈ ನಾಲ್ಕು ಜಿಲ್ಲೆಗಳು ಹೆಚ್ಚು ಬೆಂದುವು. ಕೆಲವೆಡೆ ಸೈನಿಕರೂ ಪೊಲೀಸರೂ ಅದರಲ್ಲಿ ಸೇರಿದ್ದರೆಂದು ಸಮಿತಿ ಬರೆಯಿತು. ವರದಿ ದಶಕಗಳ ಕಾಲ ಬೆಳಕು ಕಾಣಲಿಲ್ಲ. ಬಿಡುಗಡೆಯ ದಿನವೇ ಇನ್ನೊಬ್ಬರ ಮನೆಗೆ ಕಾಳರಾತ್ರಿಯಾದದ್ದನ್ನು ಯಾವ ಸಬೂಬು ಹೇಳಿ ಮುಚ್ಚೋಣ? ಅದೇ ವರದಿಯಲ್ಲಿ ಇನ್ನೊಂದು ಮಾತಿದೆ: ಒಂದೇ ಕಸುಬಿನವರು ಒಬ್ಬರನ್ನೊಬ್ಬರು ಕಾಪಾಡಿದರು, ಹಿಂದೂ ನೇಕಾರರು ಮುಸಲ್ಮಾನ ನೇಕಾರರನ್ನು ತಮ್ಮ ಜೀವದ ಹಂಗು ತೊರೆದು ಉಳಿಸಿದರು ಎಂದು.

ಕ್ರಾಂತಿ ದಬ್ಬಾಳಿಕೆಯಾಗುವ ಬೀಜ ಮೊಳೆಯುವುದು ಇಂಥ ವಾರಗಳಲ್ಲಿ. ಗೆದ್ದವರಿಗೆ ಆಗ ಕೇಳುವವರಿರುವುದಿಲ್ಲ, ಸೋತವರಿಗೆ ಬಾಯಿರುವುದಿಲ್ಲ. ಹೈದರಾಬಾದಿನಲ್ಲಿ ಆ ಬೀಜ ಮರವಾಗಲಿಲ್ಲ ಏಕೆ? ಜನರಲ್ ಚೌಧರಿಯವರ ಸೈನಿಕ ಆಡಳಿತ ೧೯೪೯ರ ಕೊನೆಗೆ ಮುಗಿಯಿತು. ಹಳೆಯ ನಿಜಾಮರ ತಲೆ ತೆಗೆಯಲಿಲ್ಲ. ರಾಜಪ್ರಮುಖರೆಂಬ ಹೆಸರಿನಲ್ಲಿ ಅವರನ್ನು ಕೂರಿಸಿ ಹಲ್ಲು ಕಿತ್ತರು. ಮೇಲುನೋಟಕ್ಕೆ ಇದು ಸದಾಶಿವರಾಯನ ಸ್ಥಿತಿಯೇ ಸರಿ. ವ್ಯತ್ಯಾಸವೆಂದರೆ, ಕೂರಿಸಿದವರೂ ೧೯೫೨ರಲ್ಲಿ ಊರೂರಿಗೆ ಹೋಗಿ, ನಮ್ಮನ್ನು ಇಟ್ಟುಕೊಳ್ಳುವಿರಾ ಕಳಿಸುವಿರಾ ಎಂದು ಕೈಮುಗಿದು ಕೇಳಬೇಕಾಯಿತು. ವೋಟು ಹಾಕಿದವರಲ್ಲಿ ಕ್ಷೌರಿಕನೂ ಇದ್ದ, ನೇಕಾರನೂ ಇದ್ದ. ಸೇಡಿಗೆ ಸಿಕ್ಕಿ ಉಳಿದ ಮನೆಯವರೂ ಇದ್ದರು. ೧೯೫೬ರ ನವೆಂಬರ್ ೧ರಂದು ಆಚೆ ದಂಡೆಯೂ, ಅದಕ್ಕಿಂತ ಮೂರು ವರ್ಷ ಮೊದಲೇ ಬಂದಿದ್ದ ನಮ್ಮ ಬಳ್ಳಾರಿಯೂ ಒಂದೇ ರಾಜ್ಯದೊಳಗಾದುವು. ಅದಕ್ಕೆ ಯಾರ ಅರಮನೆಗೂ ನುಗ್ಗಬೇಕಾಗಲಿಲ್ಲ.

ಮತಪೆಟ್ಟಿಗೆಯೊಂದಿದ್ದರೆ ಸಾಕು ಎಂದು ನಾನು ಹೇಳುತ್ತಿಲ್ಲ. ೧೯೭೫ರ ಜೂನ್ ೨೫ರ ರಾತ್ರಿ, ಸ್ವಾತಂತ್ರ್ಯ ತಂದ ಪಕ್ಷದ ಸರ್ಕಾರವೇ ತುರ್ತು ಪರಿಸ್ಥಿತಿಯನ್ನು ಸಾರಿ ವಿರೋಧಿಗಳನ್ನು ಸೆರೆಗೆ ಹಾಕಿದಾಗ, ಪತ್ರಿಕೆಗಳ ಬಾಯಿ ಕಟ್ಟಿದಾಗ, ಮತಪೆಟ್ಟಿಗೆ ಮೂಲೆಯಲ್ಲಿ ಸುಮ್ಮನೆ ಕುಳಿತಿತ್ತು. ೧೯೭೭ರ ಮಾರ್ಚಿನಲ್ಲಿ ಅದನ್ನು ಹೊರತಂದಾಗ ದೇಶ ಆ ಸರ್ಕಾರವನ್ನು ಇಳಿಸಿತು. ಕರ್ನಾಟಕ ಮಾತ್ರ ತನ್ನ ೨೮ ಸ್ಥಾನಗಳಲ್ಲಿ ೨೬ನ್ನು ಅದೇ ಪಕ್ಷಕ್ಕೆ ಕೊಟ್ಟಿತು! ಜನರ ತೀರ್ಪೆಂದರೆ ಹೀಗೆಯೇ. ನಮ್ಮ ಲೆಕ್ಕಕ್ಕೆ ಸಿಕ್ಕುವುದಿಲ್ಲ. ಇಳಿದವರು ಬದುಕಿದ್ದರು, ಮನೆಗೆ ಹೋದರು, ೧೯೮೦ರಲ್ಲಿ ಮತ್ತೆ ಗೆದ್ದು ಬಂದರು. ಪೆನುಕೊಂಡೆಯ ಕೋಟೆಗೆ ಯಾರನ್ನೂ ಕಳಿಸಲಿಲ್ಲ.

ನನ್ನ ಮನಸ್ಸನ್ನು ಹೆಚ್ಚಾಗಿ ಹಿಡಿಯುವುದು ಇದಕ್ಕಿಂತ ಚಿಕ್ಕದಾದ ಒಂದು ಸಂಗತಿ. ಮುಂಡರಗಿಯ ಶಿಬಿರದ ಮುಖಂಡರಾಗಿದ್ದ ಶಿವಮೂರ್ತಿಸ್ವಾಮಿಗಳ ಹಿಂದೆ ಆಯುಧ ಹಿಡಿದ ತರುಣರಿದ್ದರು, ಗೆಲುವಿನ ಕೀರ್ತಿಯಿತ್ತು. ನೂನಿಜ್ ಬಣ್ಣಿಸಿದ ಕಾಲದಲ್ಲಾಗಿದ್ದರೆ ಅಷ್ಟು ಬಲ ಒಂದು ಪಾಳೆಯಪಟ್ಟಿಗೆ ಧಾರಾಳವಾಗಿ ಸಾಕು. ಅವರು ೧೯೫೨ರಲ್ಲಿ ಕುಷ್ಟಗಿಯಿಂದ ಪಕ್ಷೇತರರಾಗಿ, ಆಳುವ ಪಕ್ಷಕ್ಕೆ ಎದುರಾಗಿ ನಿಂತು ಲೋಕಸಭೆಗೆ ಹೋದರು. ೧೯೫೭ರಲ್ಲಿ ಆ ಭಾಗದ ಸ್ಥಾನ ಕಾಂಗ್ರೆಸ್ಸಿನ ಸಂಗಣ್ಣ ಅಗಡಿಯವರಿಗೆ ಹೋಯಿತು. ೧೯೬೨ರಲ್ಲಿ ಸ್ವಾಮಿಗಳು ಕೊಪ್ಪಳದಿಂದ ಮತ್ತೆ ಮತ ಕೇಳಿದರು, ಗೆದ್ದರು.